ಗಾಡಿ ಬಂದೈತಿ

ಮನೆಯ ಮುಂದಿನ ಕಟ್ಟೆಯ ಮೇಲೆ ಎಡಗೈಯಲ್ಲಿ ಲಿಂಗ ಇಟ್ಟುಕೊಂಡು ಕಣ್ಣು ನೆಟ್ಟು ಕೂತಿದ್ದ ಮುರಿಗೆಪ್ಪನಿಗೆ ಕಳ್ಳಿಬೇಲಿಯ ಆಚೆ ಯಾರೋ ಕೆಮ್ಮಿದ್ದು ಕೇಳಿಸಿತು. ಕೆಮ್ಮಿದವನು ಮಾತಾಡಲಿಲ್ಲ. ಪೂಜೆಗೆ ಕೂತವನನ್ನು ಮಾತಾಡಿಸಬಾರದೆಂಬ ರೀತಿ ಬಲ್ಲವನು ಇರಬೇಕು, ಬೇಲಿಯ ಹೊರಗೇ ಕುಕ್ಕರಗಾಲಿನಲ್ಲಿ ಕೂತ ಸಪ್ಪಳವಾಯಿತು. ಮುರಿಗೆಪ್ಪನ ಗೋಣು ಬಿಗಿಯಿತು. ಆರು ವರ್ಷದಿಂದ ಹೀಗೆಯೇ. ಪೂಜೆಯ ಹೊತ್ತಿಗೆ ಬೇಲಿಯ ಕಡೆ ಎಲೆ ಅಲುಗಿದರೂ ಸಾಕು, ಕುತ್ತಿಗೆಯ ನರ ಕಲ್ಲಾಗಿ ನಿಲ್ಲುತ್ತಿದ್ದವು. ತಲೆ ಒಂದು ಕೂದಲೆಳೆಯಷ್ಟೂ ಕೆಳಗೆ ಬರದಂತೆ, ಮೇಲೆ ಹೋಗದಂತೆ ಅವನು ಹಿಡಿದುಕೊಳ್ಳುತ್ತಿದ್ದ. ಹಿಡಿದುಕೊಂಡಷ್ಟು ಹೊತ್ತು ಬಾಯೊಳಗಿನ ಮಂತ್ರ ತಪ್ಪದೆ ಓಡುತ್ತಿತ್ತು, ಆದರೆ ಅದು ಯಾರಿಗೂ ಮುಟ್ಟದೆ ಓಡುತ್ತಿತ್ತು. ನಮಃ ಶಿವಾಯ, ಯಾರು ಬಂದಿರಬೇಕು, ನಮಃ ಶಿವಾಯ, ಕೆಮ್ಮಿನ ದನಿ ಅಲ್ಲಪ್ಪನದು, ನಮಃ ಶಿವಾಯ. ಹೆಂಡತಿ ಯಮನವ್ವ ಇದ್ದಿದ್ದರೆ ಹೊರಗೆ ಹೋಗಿ ಕೇಳುತ್ತಿದ್ದಳು. ಅವಳು ಲಿಂಗೈಕ್ಯಳಾಗಿ ಮೂರು ತಿಂಗಳಾಗಿತ್ತು. ಪತ್ರಿ ತೊಳೆದು ತಟ್ಟೆಯಲ್ಲಿಡುವುದನ್ನು ಈಗ ಅವನೇ ಮಾಡಿಕೊಳ್ಳುತ್ತಿದ್ದ. ಅವಳು ಇಟ್ಟ ಹಾಗೆ ತೊಟ್ಟೆಲ್ಲ ಒಂದೇ ಕಡೆ ಬರುತ್ತಿರಲಿಲ್ಲ.

ಅವನು ಲಿಂಗವನ್ನು ಕರಡಿಗೆಯಲ್ಲಿಟ್ಟು ಬೇಲಿಯ ಹೊರಗೆ ಬಂದಾಗ ಬಿಸಿಲು ಪ್ಲಾಟ್‌ಫಾರ್ಮಿನ ಕಲ್ಲಿನ ಅಂಚಿಗೆ ಬಂದಿತ್ತು. ಅವನ ಮನೆಯೆಂದರೆ ಬನ್ನಿಕೊಳ್ಳ ಠೇಶನ್ನಿನ ಆಳುಗಳಿಗೆಂದು ಕಟ್ಟಿದ ಎರಡು ಖೋಲಿ. ಠೇಶನ್ ಮುಚ್ಚಿದ ಮೇಲೆ ಅದನ್ನು ಬಿಡು ಎಂದು ಯಾರೂ ಹೇಳಲಿಲ್ಲ, ಅವನೂ ಬಿಡಲಿಲ್ಲ. ಮನೆಯ ಮುಂದೆ ಇಪ್ಪತ್ತು ಹೆಜ್ಜೆಗೆ ದಾರಿ ಎರಡಾಗುತ್ತದೆ. ಬಲದ್ದು ಗೋಕಾಕಕ್ಕೆ ಹೋಗುವ ಚಕ್ಕಡಿ ದಾರಿ, ಎಡದ್ದು ಠೇಶನ್ನಿಗೆ. ನಡುವೆ ಮಾಲು ಇಡುವ ಗೋದಾಮು ಅಡ್ಡ ಇರುವುದರಿಂದ ಆ ಕೂಡಿನಲ್ಲಿ ನಿಂತವನಿಗೆ ಠೇಶನ್ ಕಾಣುವುದಿಲ್ಲ. ಗೋದಾಮಿನ ಹಂಚು ಈಗ ಅರ್ಧ ಇಲ್ಲ. ತಿಕೀಟು ಕೊಡುವ ಕಿಟಕಿಗೆ ಅಡ್ಡ ಹಲಗೆ ಬಡಿದಿದ್ದಾರೆ. ಗಾಡಿಗಳು ಮಾತ್ರ ದಿನಕ್ಕೆ ನಾಲ್ಕು ಸಲ ಹಾಯ್ದು ಹೋಗುತ್ತವೆ. ನಿಲ್ಲುವುದಿಲ್ಲ.

ಠೇಶನ್ ತೆರೆದ ವರ್ಷ, ಸಾವಿರದ ಒಂಬೈನೂರ ಆರರಲ್ಲಿ, ಅವನು ಕೆಲಸಕ್ಕೆ ಸೇರಿದ್ದ. ಸಿಗ್ನಲ್ಲಿನ ಕೈ ಇಳಿಸುವುದು, ದೀಪಕ್ಕೆ ಎಣ್ಣೆ ಹಾಕುವುದು, ಹಳಿ ಕೂಡಿಸುವುದು, ಗಂಟೆ ಬಾರಿಸುವುದು. ಗಂಟೆಯೆಂದರೆ ಬೇವಿನ ಕೊಂಬೆಗೆ ತೂಗುಹಾಕಿದ್ದ ಮೊಳದುದ್ದದ ಹಳಿಯ ತುಂಡು. ಹಿಂದಿನ ಠೇಶನ್ನಿನಿಂದ ಗಾಡಿ ಬಿಟ್ಟಿತೆಂದು ತಂತಿ ಬಂದ ಕೂಡಲೇ ಅವನು ಆ ತುಂಡಿಗೆ ಮೂರು ಏಟು ಹಾಕಿ, ಬೇವಿನ ಕೆಳಗೆ ಗಂಟು ಮೂಟೆ ಇಟ್ಟುಕೊಂಡು ಕೂತ ಜನಕ್ಕೆ, ‘ಗಾಡಿ ಬಂದೈತಿ’ ಎಂದು ಕೂಗುತ್ತಿದ್ದ. ಗಾಡಿ ಇನ್ನೂ ಎರಡು ಹರದಾರಿ ಆಚೆ ಇರುತ್ತಿತ್ತು. ಆದರೂ ಬನ್ನಿಕೊಳ್ಳದಲ್ಲಿ ಆ ಮಾತಿಗೆ ಅರ್ಥ ಅದೇ: ಬಿಟ್ಟೈತಿ, ಏಳ್ರಿ, ಮಕ್ಕಳನ್ನ ಹಿಡೀರಿ, ತಿಕೀಟು ತೆಗೀರಿ. ಪ್ಲೇಗಿನ ವರ್ಷ ಬೆಳಗಾವಿಯಿಂದ ಬಂದವರನ್ನು ಇಳಿಸಿ ಹೊಲದಲ್ಲಿ ಛಪ್ಪರ ಹಾಕಿ ಹತ್ತು ದಿನ ಇಟ್ಟದ್ದು ಇಲ್ಲಿಯೇ. ಮಹಾಯುದ್ಧದಲ್ಲಿ ಬಸ್ರಾಕ್ಕೆ ಹೋದ ಆರು ಮಂದಿ ಹತ್ತಿದ್ದು ಇಲ್ಲಿ, ಇಳಿದದ್ದು ಮೂರೇ ಮಂದಿ. ಬೆಲ್ಲದ ಪೆಂಟಿ, ಮೆಣಸಿನಕಾಯಿ ಚೀಲ, ಮದುವೆಯ ದಿಬ್ಬಣ. ಇಪ್ಪತ್ತೈದು ವರ್ಷ ಎಲ್ಲರೂ ಅವನ ಆ ಒಂದು ಮಾತಿಗೆ ಕಿವಿ ಕೊಟ್ಟು ಎದ್ದು ನಿಂತವರು. ಒಂದು ಸಲ ಮಾಮಲೇದಾರರೂ ಎದ್ದು ನಿಂತಿದ್ದರು. ಆ ಮಾತು ಬಾಯಿಂದ ಹೊರಟಾಗ ಎದೆಯಲ್ಲಿ ಏನೋ ಉಬ್ಬುತ್ತಿತ್ತು. ಅದಕ್ಕೆ ಗರ್ವ ಎಂಬ ಹೆಸರಿದೆ ಎಂದು ಅವನಿಗೆ ತಿಳಿದದ್ದು ಬಹಳ ತಡವಾಗಿ.

“ಪೂಜಿ ಆತೇನ್ರಿ ಕಾಕಾ?” ಅಲ್ಲಪ್ಪ ಎದ್ದು ಧೋತರ ಝಾಡಿಸಿಕೊಂಡ. ಊರಿನ ಮಠದ ಕೆಲಸ ನೋಡಿಕೊಳ್ಳುವವನು. “ಏನ ಉದ್ದಾಗೇತ್ರಿ ನಿಮ್ಮ ಪೂಜಿ. ನಾ ಇಲ್ಲಿ ಕುಂತ ಕುಂತ ಬೇರು ಬಿಟ್ಟೆ. ಇನ್ನೀಟು ತಡಾ ಆಗಿದ್ರ ಕಾಯೀನೂ ಬಿಡತಿದ್ದೆ.”

“ಯಾಕ ಬಂದಿ?”

“ಮಾಲಿಂಗಪ್ಪಗೌಡ್ರು ಕರದಾರ. ಮಠದಾಗ ಮಂದಿ ಕುಂತೈತಿ. ಅಂಕಲಗಿ ಲಕ್ಕಪ್ಪನ ಮಗಳು ಅಕ್ಕವ್ವನ್ನ ಕಲ್ಲೋಳಿಯಾವ್ರು ಕೇಳ್ಯಾರ. ಎಲ್ಲಾ ಕೂಡಿ ಬಂದಿತ್ತ್ರಿ, ಸಕ್ಕರಿ ಹಂಚೂದೊಂದ ಬಾಕಿ. ಆ ಹುಡುಗನ ಕಾಕಾ ರಾಚಪ್ಪ ಅಂತ ಅದಾನ, ಅಂವಗ ಯಾರೋ ಕಿವ್ಯಾಗ ಊದ್ಯಾರ. ಎರಡು ಪೆಂಟಿ ಬೆಲ್ಲದ ಆಶೇಕ ತಂಗೀ ಮಗಳ ಜೀವ ತಗದಾಂವ ಲಕ್ಕಪ್ಪ, ಅಂಥಾ ಮನೀದು ಹೆಣ್ಣು ತರಬ್ಯಾಡ ಅಂತ.”

“ಯಾರು ಊದಿದಾರ?”

“ಯಾರ್ಯಾಕ ಊದಬೇಕ್ರಿ? ತಂಗೀನ ಹೇಳ್ಯಾಳ. ಬಾವಿಕಟ್ಟಿ ಮ್ಯಾಲ ಕಲ್ಲೋಳಿ ಹೆಣಮಕ್ಕಳು ಕೇಳಿದ್ದಕ್ಕ ಕಾಶೆವ್ವ ಅಂದ್ಳಂತ: ಕೊಡ್ರಿ, ತೊಗೊಳ್ರಿ, ನಂದೇನೈತಿ. ಅಂವ ನನ್ನ ಮಗಳನ್ನ ಬೆಲ್ಲದ ಕೂಡ ತೂಗಿದ, ಬೆಲ್ಲ ಜಗ್ಗಿತು, ಅಂತ.” ಅಲ್ಲಪ್ಪ ತಾನೇ ಆ ಮಾತಿಗೆ ಬೆದರಿದವನಂತೆ ಅತ್ತಿತ್ತ ನೋಡಿದ. “ನಿಮ್ಮದೊಂದು ಮಾತು ಬೇಕಂತ್ರಿ ಈಗ. ಆ ದಿನ ಠೇಶನ್ನಿನ್ಯಾಗ ಇದ್ದಾವ್ರು ನೀವೊಬ್ಬರ. ಲಿಂಗವಂತರು, ಸುಳ್ಳು ಆಡೂದಿಲ್ಲ, ಅವರು ಅಂದಿದ್ದಕ್ಕ ನಾವು ಒಪ್ಪತೀವಿ ಅಂತ ರಾಚಪ್ಪನ ಅಂದಾನ. ನಡೀರಿ.”

ಮುರಿಗೆಪ್ಪ ಒಳಗೆ ಹೋಗಿ ರುಮಾಲು ಸುತ್ತಿಕೊಂಡ. ಒಂದು ಸುತ್ತು ಸಡಿಲಾಯಿತು, ಬಿಚ್ಚಿ ಮತ್ತೆ ಸುತ್ತಿದ. ಸುಳ್ಳು ಆಡುವುದಿಲ್ಲ. ಹೌದು, ಆಡಿರಲಿಲ್ಲ. ಅದೇ ಅವನ ಸಂಕಟ.

ಹಳಿಗಳ ಪಕ್ಕದ ಕಾಲುದಾರಿಯಲ್ಲಿ ಊರು ಅರ್ಧ ಮೈಲು. ಅಲ್ಲಪ್ಪ ಮುಂದೆ ಮುಂದೆ ಮಾತಾಡುತ್ತ ನಡೆದ. ಮುರಿಗೆಪ್ಪ ಅಡ್ಡಕಟ್ಟಿಗೆಗಳನ್ನು ಎಣಿಸುವ ಹಳೆಯ ಚಟಕ್ಕೆ ಬಿದ್ದು, ಎಣಿಕೆ ತಪ್ಪಿ, ನಿಂತು, ಮತ್ತೆ ನಡೆದ. ಇದೇ ಹಳಿಗುಂಟ ಭೀಮರಾಯರು ಕೊನೆಯ ದಿನ ಅವನ ಜೊತೆ ನಡೆದಿದ್ದರು. ಬನ್ನಿಕೊಳ್ಳದ ಕೊನೆಯ ಠೇಶನ್ ಮಾಸ್ತರರು, ಒಳ್ಳೆಯ ಮನುಷ್ಯ. ಗೋಕಾಕದಿಂದ ಮೋಟಾರು ಓಡಾಡಲು ಹತ್ತಿ ನಾಲ್ಕು ವರ್ಷವಾಗಿತ್ತು, ದಿನಕ್ಕೆ ಹತ್ತು ತಿಕೀಟೂ ಹರಿಯುತ್ತಿರಲಿಲ್ಲ. ‘ಮುರಿಗೆಪ್ಪ, ಒಂದನೇ ತಾರೀಖಿನಿಂದ ಠೇಶನ್ ಬಂದ್. ಗಾಡಿ ನಿಂದ್ರೂದು ಬಂದ್’ ಎಂದಿದ್ದರು. ಮೂವತ್ತೊಂದನೆಯ ಇಸವಿ. ಕಿಟಕಿಗೆ ಒಂದು ಕಾಗದ ಅಂಟಿಸಿದರು, ಇಂಗ್ಲಿಷಿನಲ್ಲಿ ಒಮ್ಮೆ, ಮರಾಠಿಯಲ್ಲಿ ಒಮ್ಮೆ. ಬೇವಿನ ಕೊಂಬೆಯ ಹಳಿಯ ತುಂಡನ್ನು ಬಿಚ್ಚಿಸಿ ಕೊನೆಯ ಮಾಲುಗಾಡಿಗೆ ಹಾಕಿಸಿದರು. ಅದರದೂ ಲೆಕ್ಕ ಕೊಡಬೇಕಾಗಿತ್ತಂತೆ.

ಮಾರನೆಯ ದಿನವೇ ಊರವರಿಗೆ ಆಟ ಸಿಕ್ಕಿತು. ಬಂದು ಐತಿ ಎಂದರೆ ಬಂದಿದೆ, ಬಂದ್ ಐತಿ ಎಂದರೆ ಮುಚ್ಚಿದೆ. ಬರೆದರೆ ಎರಡು, ಬಾಯಿಂದ ಆಡಿದರೆ ಒಂದೇ. ಯಾವ ಪುಣ್ಯಾತ್ಮ ಇದನ್ನು ಮೊದಲು ಕಂಡುಹಿಡಿದನೋ, ಸಂತೆಗೆ ಹೋಗುವವರು, ಹೊಲಕ್ಕೆ ಹೋಗುವವರು, ಗಡ್ಡ ನೆರೆತವರು ಕೂಡ ಬೇಲಿಯ ಬಳಿ ನಿಂತು, ‘ಮುರಿಗೆಪ್ಪಾ, ಗಾಡಿ ಬಂದೈತೇನೋ?’ ಎಂದು ಕೂಗುವುದು, ಅವನು ಏನು ಹೇಳಿದರೂ ನಗುವುದು. ಬಂದೈತಿ ಎಂದರೂ ನಗು, ಇಲ್ಲ ಎಂದರೂ ನಗು. ‘ಬಂದೈತೆಂದ್ರ ಬಂದಿಲ್ಲ, ಬಂದಿಲ್ಲಂದ್ರ ಬಂದ್ ಇಲ್ಲ! ಹೇಳೋ ಸರಕಾರಿ ಮನಶಾ!’ ಇಪ್ಪತ್ತೈದು ವರ್ಷ ಜನರನ್ನು ಎಬ್ಬಿಸಿ ನಿಲ್ಲಿಸಿದ ಮಾತನ್ನು ಅವರು ಹೀಗೆ ಅವನ ಬಾಯಿಂದ ಕಿತ್ತು ಕಾಲಿನಿಂದ ಉರುಳಿಸಿದರು. ಅವನು ಉತ್ತರ ಕೊಡುವುದು ಬಿಟ್ಟ. ಪೂಜೆ ಉದ್ದವಾಯಿತು. ಮೊದಲು ಅರ್ಧ ತಾಸು ಇದ್ದದ್ದು ಎರಡೇ ದಿನದಲ್ಲಿ ತಾಸಾಯಿತು, ಬರಬರುತ್ತ ಎರಡು ತಾಸಾಯಿತು. ಅಲ್ಲಿ ಕೂತಿರುವಷ್ಟು ಹೊತ್ತು ಮಾತಾಡಬೇಕಾಗಿಲ್ಲ. ಯಮನವ್ವ ಒಂದು ಸಲ ಒಲೆಯ ಮುಂದಿನಿಂದ, “ಶಿವನ್ನ ಬೆಟ್ಟಿ ಆಗಾಕ ಕುಂದರತೀರೋ, ಮಂದೀನ ತಪ್ಪಸಾಕ ಕುಂದರತೀರೋ?” ಎಂದಿದ್ದಳು. ಅವನಿಗೆ ಸಿಟ್ಟು ಬಂದಿತ್ತು. ಸಿಟ್ಟು ಬಂದದ್ದರಿಂದಲೇ ಅವಳು ಅಂದದ್ದು ನಿಜವೆಂದು ಗೊತ್ತಾಗಿತ್ತು.

ಠೇಶನ್ ಮುಚ್ಚಿದ ನಾಲ್ಕನೆಯ ದಿನ ಬೆಳಿಗ್ಗೆ. ಲಿಂಗ ಅಂಗೈಯಲ್ಲಿತ್ತು. ಬೇಲಿಯ ಆಚೆ ಚಕ್ಕಡಿ ನಿಂತಿತು, ಎತ್ತಿನ ಗೆಜ್ಜೆ ಒಮ್ಮೆ ಗಲ್ ಎಂದು ಸುಮ್ಮನಾಯಿತು. ಯಾವನೋ ಕೂಗಿದ: “ಕಾಕಾ, ಗಾಡಿ ಬಂದೈತೇನ್ರಿ?” ಮುರಿಗೆಪ್ಪ ಕಣ್ಣು ಎತ್ತಲಿಲ್ಲ. ಆದರೆ ಅವನ ಗೋಣು ಕೆಳಗೆ ಹೋಗಿ ಮೇಲೆ ಬಂತು. ಹೌದು. ಬಂದ್ ಐತಿ, ಹೋಗಪ್ಪಾ. ಹಾಗೆಂದುಕೊಂಡು ಗೋಣು ಹಾಕಿದನೇ? ಆಮೇಲೆ ಆರು ವರ್ಷ ಈ ಒಂದು ಗಳಿಗೆಯನ್ನು ಅವನು ಹಳೆಯ ನಾಣ್ಯದ ಹಾಗೆ ತಿಕ್ಕಿ ತಿಕ್ಕಿ ನೋಡಿದ್ದಾನೆ. ತಿಕ್ಕಿದಷ್ಟೂ ಮುದ್ರೆ ಅಳಿದುಹೋಗಿದೆ. ಒಮ್ಮೆ ಅನ್ನಿಸುತ್ತದೆ, ಕೇಳಿದ್ದಕ್ಕೆ ನಿಜವನ್ನೇ ಹೇಳಿದೆ. ಇನ್ನೊಮ್ಮೆ ಅನ್ನಿಸುತ್ತದೆ, ಇವನೂ ಅಣಕಿಸಲು ಬಂದವನೇ, ಹೋಗಿ ನೋಡಿಕೊಂಡು ಬರಲಿ ಎಂದೇ ಹಾಕಿದೆ. ಎರಡೂ ಒಂದೇ ಗೋಣಿನಲ್ಲಿ ಇದ್ದವು. ಹಾಕಿದ ಕೂಡಲೇ ಚಕ್ಕಡಿ ಹೊರಟಿತು. ಗೋಕಾಕದ ದಾರಿ ಮೆತ್ತನೆಯ ಮಣ್ಣಿನದು, ಠೇಶನ್ನಿನ ದಾರಿಗೆ ಕಲ್ಲಿನ ಕಡಿ ಹಾಕಿದೆ. ಗಾಲಿ ಕಡಿಯ ಮೇಲೆ ಹತ್ತಿ ಕಟಕಟ ಎಂದದ್ದನ್ನು ಅವನು ಕೇಳಿದ. ಕಿವಿ ಅರಿಯದೆ ಕೇಳಿದ್ದಲ್ಲ. ಎಡಕ್ಕೆ ಹೊರಳಿದರು, ತಪ್ಪು ತಿಳಿದರು ಎಂದು ಮನಸ್ಸು ಅಚ್ಚುಕಟ್ಟಾಗಿ ಒಂದು ವಾಕ್ಯ ಮಾಡಿಕೊಂಡದ್ದು ಕೂಡ ಅವನಿಗೆ ನೆನಪಿದೆ. ಒಂದು ಕೂಗು ಹಾಕಿದ್ದರೆ ಸಾಕಿತ್ತು. ಪೂಜೆ ಭಂಗವಾಗುತ್ತದೆ ಎಂದು ಕೂಗಲಿಲ್ಲ. ಪೂಜೆ ಭಂಗವಾಗುತ್ತದೆ ಎಂಬುದು ಕೈಗೆ ಸಿಕ್ಕಿತು, ಹಿಡಿದುಕೊಂಡ.

ಅಂಕಲಗಿಯ ಲಕ್ಕಪ್ಪ ಅವನು. ಠೇಶನ್ ಮುಚ್ಚಿದ ಸುದ್ದಿ ಅಂಕಲಗಿಗೆ ಇನ್ನೂ ಹೋಗಿರಲಿಲ್ಲ. ಕಮಾನು ಹಾಕಿದ ಚಕ್ಕಡಿಯೊಳಗೆ ತಂಗಿಯ ಮಗಳು ಗೌರವ್ವ, ಚೊಚ್ಚಲ ಬಸುರಿ, ಎರಡು ದಿನದಿಂದ ಬೇನೆ ತಿನ್ನುತ್ತಿದ್ದಳು. ತಾಯಿ ಕಾಶೆವ್ವ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಹಿಂದಿನ ದಿನ ಠೇಶನ್ನಿಗೆಂದು ಹೇರಿದ್ದ ಎರಡು ಪೆಂಟಿ ಬೆಲ್ಲವನ್ನು ಅವಸರದಲ್ಲಿ ಇಳಿಸಿಯೇ ಇರಲಿಲ್ಲ. ಗಾಡಿ ಇದ್ದರೆ ಮಿರಜಿನ ದೊಡ್ಡ ದವಾಖಾನೆ, ತಪ್ಪಿದ್ದರೆ ನೆಟ್ಟಗೆ ಗೋಕಾಕದ ದವಾಖಾನೆ ಎಂದು ಲೆಕ್ಕ ಹಾಕಿ ಲಕ್ಕಪ್ಪ ಆ ಕೂಡಿನಲ್ಲಿ ನಿಂತು ಕೇಳಿದ್ದ. ಬೇಲಿಯ ಮೇಲಿನಿಂದ ಗೋಣು ಹಾಕಿದ್ದನ್ನು ಕಣ್ಣಾರೆ ಕಂಡ. ‘ಬಂದೈತಂತ’ ಎಂದು ತಂಗಿಗೆ ಹೇಳಿ ಎತ್ತು ಹೊರಳಿಸಿದ. ಪ್ಲಾಟ್‌ಫಾರ್ಮಿನಲ್ಲಿ ಯಾರೂ ಇರಲಿಲ್ಲ. ಬಂದೈತಿ ಎಂದರೆ ಹಿಂದಿನ ಠೇಶನ್ ಬಿಟ್ಟಿದೆ ಎಂದರ್ಥ, ಮಾಸ್ತರರು ಈಗ ಹೊರಬರುತ್ತಾರೆ ಎಂದು ಕಾದರು. ಹುಡುಗಿಯನ್ನು ಇಳಿಸಿ ಕಿಟಕಿಯ ಕೆಳಗೆ, ಓದಲು ಬಾರದ ಆ ಕಾಗದದ ಕೆಳಗೆ ಮಲಗಿಸಿದರು. ಗಾಡಿ ಆ ದಿನ ತಡವಾಗಿತ್ತು. ಬಂದಾಗ ಸಿಳ್ಳು ಹಾಕಿತು, ವೇಗ ಇಳಿಸಲಿಲ್ಲ. ಲಕ್ಕಪ್ಪ ರುಮಾಲು ಬಿಚ್ಚಿ ಬೀಸುತ್ತ ಡಬ್ಬಿಗಳ ಜೊತೆ ಓಡಿದ. ಕಿಟಕಿಯೊಳಗಿನ ಕೆಲವರು ಕೈ ಬೀಸಿದರಂತೆ.

ಮುರಿಗೆಪ್ಪ ಹೊರಗೆ ಬಂದದ್ದು ಸಿಳ್ಳು ಕೇಳಿದ ಮೇಲೆ. ಹಣೆಯ ವಿಭೂತಿ ಇನ್ನೂ ಹಸಿಯಾಗಿತ್ತು. ಗಾಡಿ ನಿಲ್ಲುವುದಿಲ್ಲಪ್ಪಾ, ಬಂದ್ ಆಗಿದೆ ಎಂದು ಅವನೇ ಹೇಳಿದ. ರುಮಾಲು ಕೈಯಲ್ಲಿ ಹಿಡಿದು ಬರಿದಲೆಯಲ್ಲಿ ನಿಂತ ಲಕ್ಕಪ್ಪ ಅವನನ್ನು ನೋಡಿದ ನೋಟದಲ್ಲಿ ಬೈಗುಳವಿರಲಿಲ್ಲ. ತನಗೆ ತಿಳಿಯದ ಭಾಷೆಯಲ್ಲಿ ಯಾರೋ ಏನೋ ಹೇಳಿದ ಹಾಗೆ ನೋಡಿದ. ಗೋಕಾಕ ಇನ್ನೂ ಒಂದು ಹರದಾರಿ ಇರುವಾಗ ಹುಡುಗಿ ಹೋದಳು.

“ಹೊಳ್ಳಿ ನೋಡ್ರಿ ಕಾಕಾ, ಗಾಡಿ!” ಅಲ್ಲಪ್ಪ ಕೈ ಹಿಡಿದು ಎಳೆದ. ಮುರಿಗೆಪ್ಪ ಹಳಿಗಳ ನಡುವೆಯೇ ನಡೆಯುತ್ತಿದ್ದ. ಇಬ್ಬರೂ ಕೆಳಗೆ ಇಳಿದರು. ಹನ್ನೊಂದರ ಗಾಡಿ ಮಿರಜಿನ ಕಡೆಗೆ ಹಾಯ್ದು ಹೋಯಿತು. “ಸಾಯೂ ವಿಚಾರ ಇದ್ರ ಮಾತು ಹೇಳಿ ಸಾಯ್ರಿ,” ಎಂದು ಅಲ್ಲಪ್ಪ ನಕ್ಕ, ನಕ್ಕವನು ನಗು ನುಂಗಿದ. “ತಪ್ಪು ತಿಳೀಬ್ಯಾಡ್ರಿ. ಯಮನವ್ವಾಯಿ ಹೋದಾಗಿಂದ ನಿಮಗ ಖಬರ ಇಲ್ಲ.”

ಯಮನವ್ವ. ಆ ಮಧ್ಯಾಹ್ನ ರೊಟ್ಟಿ ನೀಡುತ್ತ ಅವಳು ಒಂದೇ ಮಾತು ಕೇಳಿದ್ದಳು: “ಮುಂಜಾನೆ ಯಾರಿಗೆ ಗೋಣ ಹಾಕಿದ್ರಿ?” ಅವನು, “ಯಾರಿಗೂ ಇಲ್ಲ” ಎಂದಿದ್ದ. ಅವಳು ಮತ್ತೆ ಕೇಳಲಿಲ್ಲ. ಹದಿನೈದು ದಿನದ ಮೇಲೆ ಅಂಕಲಗಿಯಲ್ಲಿ ಹಿರಿಯರು ಕೂಡಿಸಿದರು. ಲಕ್ಕಪ್ಪ, ‘ಠೇಶನ್ನಿನ ಕಾಕಾ ಬಂದೈತಿ ಅಂದ್ರು’ ಎಂದ. ಕಾಶೆವ್ವ, ‘ನಾ ಕಮಾನಿನೊಳಗ ಇದ್ದೆ, ಇಂವ ಕೇಳಿದ್ದು ಕೇಳಿಸ್ತು, ಉತ್ತರ ಯಾರೂ ಕೊಡಲಿಲ್ಲ, ಒಂದು ಸೊಲ್ಲೂ ಬರಲಿಲ್ಲ, ಬೆಲ್ಲ ಇಳಸೂ ಸಲುವಾಗಿ ಇಂವನ ಹೊಳ್ಳಿಸಿದ’ ಎಂದಳು. ಮುರಿಗೆಪ್ಪನನ್ನು ಕೇಳಿದರು. ಅವನು ಎದೆಯ ಮೇಲಿನ ಕರಡಿಗೆ ಮುಟ್ಟಿ ಹೇಳಿದ: “ಲಿಂಗದಾಣೆ, ನಾ ಪೂಜೇದಾಗಿದ್ದೆ. ನಾ ಬಾಯಿ ತೆರದಿಲ್ಲ.” ಅಕ್ಷರಕ್ಷರ ನಿಜ. ಕಾಶೆವ್ವ ಅಂದಿನಿಂದ ಅಣ್ಣನ ಜೊತೆ ಮಾತು ಬಿಟ್ಟಳು. ಒಂದೇ ಅಂಗಳದ ನಡುವೆ ಮಣ್ಣಿನ ಗೋಡೆ ಎದ್ದಿತು. ಒಂದು ದಿನ ಲಕ್ಕಪ್ಪ ಒಬ್ಬನೇ ಬೇಲಿಯ ತನಕ ಬಂದು ನಿಂತಿದ್ದ. “ನೀವು ಗೋಣ ಹಾಕಿದ್ದು ನಾ ಕಂಡೇನ್ರಿ ಕಾಕಾ,” ಎಂದ. ಮುರಿಗೆಪ್ಪ, “ಪೂಜೇದಾಗ ನನಗ ಖಬರ ಇರೂದಿಲ್ಲೋ ತಮ್ಮಾ” ಎಂದ. ಲಕ್ಕಪ್ಪ ಬಹಳ ಹೊತ್ತು ನೆಲ ನೋಡಿ, “ಹಂಗಾದ್ರ ಮಂತ್ರ ಅನ್ನೂ ಮುಂದ ತಲಿ ತೂಗಿರಬೇಕ್ರಿ. ನಂದ ಕಣ್ಣು ತಪ್ಪಿರಬೇಕು,” ಎಂದು ಹೋಗಿದ್ದ. ಹೋಗುವಾಗ ಕೈ ಮುಗಿದಿದ್ದ. ಆ ಕೈ ಮುಗಿದದ್ದನ್ನು ನೆನೆದಾಗಲೆಲ್ಲ ಮುರಿಗೆಪ್ಪ ಉಣ್ಣುವ ತಟ್ಟೆಯನ್ನು ಪಕ್ಕಕ್ಕೆ ಸರಿಸುತ್ತಿದ್ದ.

ಮೂರು ತಿಂಗಳ ಹಿಂದೆ ಯಮನವ್ವನನ್ನು ಕೂರಿಸಿದ ಕುಣಿಗೆ ವಿಭೂತಿ, ಪತ್ರಿ ಹಾಕಿದರು. ಐನೋರು ಮಂತ್ರ ಹೇಳಿದರು. ನಲವತ್ತು ವರ್ಷ ಜೊತೆ ಬದುಕಿದವಳ ಮುಖದ ಮೇಲೆ ಮಣ್ಣು ಬೀಳುವ ಮೊದಲು ಕೊನೆಯ ಸಲ ಬಗ್ಗಿ ನೋಡಿದ. ಬಿಗಿಯಾಗಿ ಮುಚ್ಚಿದ ಬಾಯಿ. ಅವನ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಅದು ಸುಳ್ಳಲ್ಲ. ಆದರೆ ಅದೇ ಹೊತ್ತಿಗೆ, ಎದೆಯ ಯಾವುದೋ ಮೂಲೆಯಲ್ಲಿ, ಗೋಣು ಹಾಕಿದ್ದನ್ನು ಅನುಮಾನವಿಲ್ಲದೆ ಬಲ್ಲವಳು ಇವಳೊಬ್ಬಳು ಇದ್ದಳು, ಇನ್ನು ಯಾರೂ ಇಲ್ಲ ಎಂಬ ಒಂದು ಹಗುರು ಸುಳಿದು ಹೋಯಿತು. ಅವನು ಅದನ್ನು ಹಿಡಿದ. ಕಳ್ಳನನ್ನು ಹಿಡಿದ ಹಾಗೆ ಹಿಡಿದ. ಅಂದಿನಿಂದ ಅವಳಿಗಾಗಿ ಅಳಲು ಕೂತರೆ ಅಳು ನಡುದಾರಿಯಲ್ಲಿ ನಿಂತುಬಿಡುತ್ತಿತ್ತು. ನೀನು ಯಾವುದಕ್ಕೆ ಅಳುತ್ತಿ ಎಂದು ಯಾರೋ ಕೇಳಿದ ಹಾಗೆ.

ಮಠದ ಅಂಗಳದಲ್ಲಿ ಜಮಖಾನೆ ಹಾಸಿತ್ತು. ಮಾಲಿಂಗಪ್ಪಗೌಡ ಕಂಬಕ್ಕೆ ಒರಗಿ ಕೂತಿದ್ದ. ಕಲ್ಲೋಳಿಯ ರಾಚಪ್ಪ ಜರಿ ರುಮಾಲಿನಲ್ಲಿ, ಅಡಕೆ ಜಗಿಯುತ್ತ, ಪಕ್ಕದಲ್ಲಿ ಸಕ್ಕರೆಯ ತಟ್ಟೆಗೆ ಬಟ್ಟೆ ಮುಚ್ಚಿಟ್ಟುಕೊಂಡು ಕೂತಿದ್ದ. ಲಕ್ಕಪ್ಪ ಮೂಲೆಯಲ್ಲಿದ್ದ. ಐವತ್ತಕ್ಕೂ ಮುಂಚೆಯೇ ಮುದುಕನಾದವನು. ಹೆಂಗಸರ ಕಡೆ, ಬಾಗಿಲ ಹೊಸ್ತಿಲಿನ ಬಳಿ, ಕಾಶೆವ್ವ ಒಬ್ಬಳೇ ಗೋಡೆಗೆ ಬೆನ್ನು ಕೊಟ್ಟಿದ್ದಳು.

“ಬರ್ರಿ ಮುರಿಗೆಪ್ಪಣ್ಣಾ, ಕುಂದರ್ರಿ,” ಎಂದ ಮಾಲಿಂಗಪ್ಪಗೌಡ. “ಹಳೇದು ಕೆದರಾಕ ನನಗೂ ಮನಸಿಲ್ಲ. ಆದರ ಒಂದು ಹೆಣ್ಣಮಗಳ ಬಾಳೇವು ಐತಿ. ಆ ದಿನ ಲಕ್ಕಪ್ಪ ನಿಮ್ಮನ್ನ ಕೇಳಿದ್ದು ಖರೇನೋ? ನೀವು ಬಂದೈತಿ ಅಂದ್ರೋ ಇಲ್ಲೋ?”

ಬಾಯಿ ತೆರೆದಿಲ್ಲ ಎಂಬ ಮಾತು ನಾಲಿಗೆಯ ಮೇಲೆ ತಾನಾಗಿ ಬಂದು ಕೂತಿತು, ಪಳಗಿದ ಎತ್ತು ನೊಗಕ್ಕೆ ಬಂದ ಹಾಗೆ. ಅದನ್ನು ಆಡಿದರೆ ಮುಗಿಯಿತು. ರುಮಾಲು ಸರಿಮಾಡಿಕೊಂಡು ಮನೆಗೆ ಹೋಗಬಹುದು. ಮುರಿಗೆಪ್ಪ ಲಕ್ಕಪ್ಪನನ್ನು ನೋಡಿದ. ಲಕ್ಕಪ್ಪ ಅವನನ್ನು ನೋಡುತ್ತಿರಲಿಲ್ಲ. ಏನೂ ಬರುವುದಿಲ್ಲವೆಂದು ತಿಳಿದವನ ಹಾಗೆ ಜಮಖಾನೆಯ ಎಳೆ ಬಿಡಿಸುತ್ತ ಕೂತಿದ್ದ.

“ನಾ ಬಾಯಿ ತೆರದಿಲ್ಲ,” ಎಂದ ಮುರಿಗೆಪ್ಪ.

ರಾಚಪ್ಪ ತಟ್ಟೆಯನ್ನು ತುಸು ತನ್ನ ಕಡೆಗೆ ಎಳೆದುಕೊಂಡ.

“ಬಾಯಿ ತೆರದಿಲ್ಲ. ಗೋಣ ಹಾಕಿದೆ.” ದನಿ ಒಡೆಯಿತು, ಮತ್ತೆ ಕೂಡಿತು. “ಅಂವ ಗಾಡಿ ಬಂದೈತೇನ್ರಿ ಅಂದ. ನಾ ಹೌದಂತ ಗೋಣ ಹಾಕಿದೆ. ಬಂದ್ ಐತೇನು ಅಂತ ಕೇಳಿದಂಗ ಆತು ನನಗ. ಅಂವ ಬಂದೈತಿ ಅಂತ ತಿಳಕೊಂಡ. ಅಂವ ಕಂಡಿದ್ದು ಖರೆ. ಲಕ್ಕಪ್ಪಂದು ಏನೂ ತಪ್ಪಿಲ್ಲ.”

ಮಾಲಿಂಗಪ್ಪಗೌಡ ತೊಡೆಗೆ ಕೈ ಬಡಿದುಕೊಂಡ. “ಎಲಾ! ಬಂದ್ ಐತಿ, ಬಂದೈತಿ! ಒಂದು ಮಾತಿನ ಮ್ಯಾಲ ಆರು ವರ್ಷ! ಲಕ್ಕಪ್ಪಾ, ಕೇಳಿದೇನೋ?”

“ಅಲ್ರಿ, ಪೂಜೇದಾಗ ಕುಂತಾವ್ರು ಮಾತಾಡಬೇಕಂದ್ರ ಹೆಂಗ ಮಾತಾಡ್ಯಾರು?” ಎಂದ ರಾಚಪ್ಪ. ಅವನ ಮುಖ ಅರಳಿತ್ತು. “ಎಂಥಾ ನಿಷ್ಠಾರಿ! ಕೇಳಿದಾಂವ ಕೇಳಿದ, ಇವರು ಕಣ್ಣು ಸೈತ ಎತ್ತಿಲ್ಲ. ಇಂಥಾ ಶರಣರು ಈಗ ಎಲ್ಲಿ ಸಿಗತಾರ್ರಿ?” ಅವನು ಬಗ್ಗಿ ಮುರಿಗೆಪ್ಪನ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡ. ಅವನನ್ನು ನೋಡಿ ಇನ್ನಿಬ್ಬರು ಮುಟ್ಟಿದರು. “ಆತು, ನಮ್ಮ ಸಂಶೇ ಹೋತು. ಹೆಣ್ಣು ನಮ್ಮದು. ಅಲ್ಲಪ್ಪಾ, ಸಕ್ಕರಿ ಹಂಚಪಾ, ಎಲ್ಲಾರಿಗೂ ಹಂಚು.” ತಟ್ಟೆಯ ಮೇಲಿನ ಬಟ್ಟೆ ತೆಗೆದರು. ಲಕ್ಕಪ್ಪ ರುಮಾಲಿನ ತುದಿಯಿಂದ ಮುಖ ಮುಚ್ಚಿಕೊಂಡ. ಅವನ ಭುಜ ಅಲುಗುತ್ತಿತ್ತು.

ಮುರಿಗೆಪ್ಪ ಕೂತೇ ಇದ್ದ. ಮುಟ್ಟಿಸಿಕೊಂಡ ಪಾದ ಅವನದಲ್ಲದ ಹಾಗೆ ತಣ್ಣಗಿತ್ತು. ಮುಗಿಯಿತು, ಇಷ್ಟೇ ಇತ್ತು, ಹೇಳಿದೆ ಎಂದು ಒಳಗೆ ಯಾರೋ ಗಡಿಬಿಡಿಯಿಂದ ಗಂಟು ಕಟ್ಟುತ್ತಿದ್ದರು. ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಈ ಸಲವೂ ಸುಳ್ಳಿರಲಿಲ್ಲ.

“ಕಾಕಾ.”

ಹೊಸ್ತಿಲಿನ ಕಡೆಯಿಂದ ಬಂದ ದನಿ ದೊಡ್ಡದಾಗಿರಲಿಲ್ಲ. ಅಲ್ಲಪ್ಪ ತಟ್ಟೆ ಹಿಡಿದು ಮೊದಲ ಸಾಲಿನಲ್ಲಿ ನಿಂತ. ಕಾಶೆವ್ವ ಸೆರಗು ತಲೆಯ ಮೇಲೆ ಎಳೆದುಕೊಂಡು ಎದ್ದು ನಿಂತಿದ್ದಳು.

“ಠೇಶನ್ನಿನ ದಾರಿಗೆ ಕಡಿ ಹಾಕೇತಿ. ಗಾಲಿ ಏರಿದ್ದು ನನಗ ಇನ್ನೂ ಕಿವ್ಯಾಗೈತಿ. ಅಕಿ ತಲಿ ಅದುರತಿತ್ತು, ನಾ ಎರಡೂ ಕೈಲೆ ಹಿಡದಿದ್ದೆ. ಅದು ನಿಮಗ ಕೇಳಿಸ್ತೇನು?”

“ಕಾಶೆವ್ವಾ, ಮುಗದೈತೆವ್ವಾ ಅದು,” ಎಂದ ಮಾಲಿಂಗಪ್ಪಗೌಡ. “ಪೂಜೇದಾಗಿದ್ದಾವ್ರಿಗೆ...”

“ಗೌಡ್ರ, ನಾ ನಿಮ್ಮನ್ನ ಕೇಳಿಲ್ರಿ.”

“ಕೇಳಿಸ್ತು,” ಎಂದ ಮುರಿಗೆಪ್ಪ.

“ಹೊಳ್ಳಿದ್ದು ಗೊತ್ತಾತು?”

“ಗೊತ್ತಾತು. ತಪ್ಪು ತಿಳದ್ರಂತನೂ ಗೊತ್ತಾತು. ಕೂಗಬೇಕಿತ್ತು. ಕೂಗಲಿಲ್ಲ.” ಅವನು ನೆಲ ನೋಡಲಿಲ್ಲ, ಅವಳನ್ನೇ ನೋಡಿದ. “ಊರಾವ್ರು ದಿನಾ ಬಂದು ನಗತಿದ್ರು. ಇವರೂ ನಗಾಕ ಬಂದಾವ್ರು, ಹೋಗಿ ನೋಡಿ ಬರಲಿ ಅಂದ್ಕೊಂಡೆ. ಪೂಜಿ ಅಲ್ಲವ್ವಾ ಅದು.”

ರಾಚಪ್ಪ, ಪಾದ ಮುಟ್ಟಿದ್ದ ಕೈಯನ್ನು, ತನಗೆ ಅರಿವಿಲ್ಲದೆಯೇ, ಧೋತರಕ್ಕೆ ಒರೆಸಿಕೊಂಡ.

“ಅಕಿ ಒದರಾಕತ್ತಿದ್ಲು,” ಎಂದಳು ಕಾಶೆವ್ವ. “ಯವ್ವಾ ಯವ್ವಾ ಅಂತ. ಬೇಲಿ ಬಾಜೂಕ. ಅದೂ ಕೇಳಿಸ್ತೇನ್ರಿ?”

ಹೌದು ಎನ್ನಬೇಕೆಂದು ಮುರಿಗೆಪ್ಪನಿಗೆ ಆಸೆಯಾಯಿತು. ಅದು ಆಸೆಯೇ. ಅಷ್ಟನ್ನೂ ಹೊತ್ತುಕೊಂಡರೆ ಅಳತೆ ತುಂಬುತ್ತದೆ, ಅವಳು ಶಪಿಸುತ್ತಾಳೆ, ಶಾಪವಾದರೂ ತನ್ನದಾಗುತ್ತದೆ. ಅವನು ಆ ಬೆಳಗಿನೊಳಗೆ ಮತ್ತೊಮ್ಮೆ ಹೋಗಿ ಕಿವಿಗೊಟ್ಟು ನಿಂತ. ಗೆಜ್ಜೆ ಇತ್ತು, ಲಕ್ಕಪ್ಪನ ಕೂಗು ಇತ್ತು, ಗಾಲಿ ಇತ್ತು. ಒಲೆಯ ಮುಂದೆ ರೊಟ್ಟಿ ಬಡಿಯುವ ಸಪ್ಪಳ ನಿಂತದ್ದು ಕೂಡ ಇತ್ತು. ಹೆಣ್ಣಿನ ದನಿ ಎಲ್ಲಿಯೂ ಇರಲಿಲ್ಲ.

“ಇಲ್ಲವ್ವಾ,” ಎಂದ. “ಅದು ಕೇಳಿಸಲಿಲ್ಲ.”

ಕಾಶೆವ್ವ ಅವನನ್ನು ಬಹಳ ಹೊತ್ತು ನೋಡಿದಳು.

“ಅಕಿ ಒದರಲಿಲ್ಲ,” ಎಂದಳು. “ಮಾವನ ಮುಂದ ಒದರಬಾರದಂತ ನನ್ನ ಸೆರಗ ಕಚ್ಚಿದ್ಲು. ಈಗರ ಪೂರಾ ಖರೆ ಹೇಳತೀರೋ ಇಲ್ಲೋ ನೋಡಿದೆ.”

ಅವಳು ಅಂಗಳ ದಾಟಿ ಮೂಲೆಗೆ ಹೋದಳು. ಲಕ್ಕಪ್ಪ ಮುಖದ ಮೇಲಿನ ಬಟ್ಟೆ ತೆಗೆಯಲಿಲ್ಲ. ಅವಳು ಅವನ ಮುಂದೆ ನಿಂತು, ಆರು ವರ್ಷ ಬಳಸದ ದನಿ ಎಲ್ಲಿದೆಯೆಂದು ಹುಡುಕಿದವಳಂತೆ ತುಸು ತಡೆದು, “ಅಣ್ಣಾ, ಏಳು. ಬಿಸಲಾಗ ಎತ್ತು ನಿಂತಾವು, ನೀರ ಕುಡಸಿಲ್ಲ,” ಎಂದಳು. ಅವನು ಎದ್ದ. ಅವಳು ಮುಂದೆ, ಅವನು ಹಿಂದೆ, ಬಾಗಿಲಿನಿಂದ ಹೊರಗೆ ಹೋದರು. ಮುರಿಗೆಪ್ಪನ ಮುಂದಿನಿಂದಲೇ ಹೋದರು.

“ಹಂಚಪಾ, ಹಂಚು,” ಎಂದ ರಾಚಪ್ಪ. “ಶುಭ ಕಾರ್ಯ ನಿಂದ್ರಬಾರದು.” ಅಲ್ಲಪ್ಪ ಸಾಲಿನಲ್ಲಿ ಬಂದ. ಗೌಡನಿಗೆ ಒಂದು ಹಿಡಿ, ಅವನ ಪಕ್ಕದವನಿಗೆ ಒಂದು ಹಿಡಿ, ಅದರಾಚೆಯವನಿಗೆ ಒಂದು ಹಿಡಿ. ಮುರಿಗೆಪ್ಪನ ಮುಂದೆ ಬಂದವನು ನಿಂತ. ಮುರಿಗೆಪ್ಪ ಕೈ ಒಡ್ಡಲಿಲ್ಲ, ಹಿಂದಕ್ಕೂ ತೆಗೆಯಲಿಲ್ಲ. ಅಲ್ಲಪ್ಪ ಗೌಡನ ಮುಖ ನೋಡಿದ, ರಾಚಪ್ಪನ ಮುಖ ನೋಡಿದ. ಇಬ್ಬರೂ ಬೇರೆ ಎಲ್ಲಿಯೋ ನೋಡುತ್ತಿದ್ದರು. ತಟ್ಟೆ ಒಂದು ಗಳಿಗೆ ಅವನ ಎದುರಿಗೆ ತಡೆದು, ಅವನನ್ನು ದಾಟಿ, ಮುಂದಿನವನ ಕಡೆಗೆ ಹೋಯಿತು.